ಐದು ನ್ಯೂಟನ್ ಮೀಟರ್

ಕಲಬುರಗಿ, 12 ಜನವರಿ 2025, ಭಾನುವಾರ

ಕಳೆದ ತಿಂಗಳು ಸೈಕಲ್ಲಿನ ಹ್ಯಾಂಡಲ್ ಬಿಗಿಯುವಾಗ ಉದ್ದನೆಯ ಅಲೆನ್ ಕೀಯಿಂದ ಸ್ಟೆಮ್ಮಿನ (ಹ್ಯಾಂಡಲನ್ನು ಹಿಡಿದಿಡುವ ತುಂಡು) ಎಂ5, ಅಂದರೆ ಐದು ಮಿಲಿಮೀಟರ್ ದಪ್ಪದ, ಬೋಲ್ಟನ್ನು ಕಾಲು ಸುತ್ತು ಹೆಚ್ಚು ತಿರುಗಿಸಿಬಿಟ್ಟೆ. ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದು ಸ್ಟೆಮ್ಮನ್ನೇ ಬದಲಿಸಬೇಕಾಯಿತು. ಬೋಲ್ಟನ್ನು ತಿರುಗಿಸುವ ಬಲ ಐದು ನ್ಯೂಟನ್ ಮೀಟರ್ ಎಂದು ಅದರ ಮೇಲೆಯೇ ಅಚ್ಚಾಗಿತ್ತು, ಆದರೆ ಅಳೆಯಲು ನನ್ನಲ್ಲಿ ಏನೂ ಇರಲಿಲ್ಲ.

ತಿರುಗಿಸುವ ಬಲವನ್ನು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಕೇಳಿಕೊಂಡು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದಕ್ಕೆ ಹೋದಾಗ ಮಾಲೀಕರು, “ಸೈಕಲ್ಲಿಗೆ ಕೈ ಅಂದಾಜೇ ಸಾಕ್ರಿ ಅಣ್ಣಾರ, ಬೇಕಂದ್ರ ಇದು ಅದ ನೋಡ್ರಿ” ಎಂದು ಅರ್ಧ ಇಂಚಿನ ಚೌಕ ತುದಿಯ, 28ರಿಂದ 210 ನ್ಯೂಟನ್ ಮೀಟರಿನ ವ್ರೆಂಚ್ ತೋರಿಸಿದರು. ಕಾರಿನ ಚಕ್ರದ ನಟ್‌ಗಳಿಗೆ ಅದು ಸರಿ. ಅದರ ಅತಿ ಕಡಿಮೆ ಅಳತೆಯೇ ನನ್ನ ಬೋಲ್ಟಿಗೆ ಬೇಕಾದುದರ ಐದು ಪಟ್ಟಿಗಿಂತ ಹೆಚ್ಚು. ದರ ಕಡಿಮೆಯೆಂದು ಅದನ್ನು ಕೊಂಡಿದ್ದರೆ ಹಣ ವ್ಯರ್ಥವಾಗುತ್ತಿತ್ತು.

ಕೊನೆಗೆ ಕಾಲು ಇಂಚಿನ, 2ರಿಂದ 24 ನ್ಯೂಟನ್ ಮೀಟರಿನ ಸಾಧಾರಣ ಬೆಲೆಯ, ಹೊಂದಿಸಿಟ್ಟ ಬಲ ತಲುಪಿದಾಗ ಸದ್ದು ಮಾಡುವ ಕ್ಲಿಕ್ ವ್ರೆಂಚ್ ತರಿಸಿಕೊಂಡೆ. ಸ್ಟೆಮ್, ಸೀಟಿನ ಕ್ಲ್ಯಾಂಪ್, 12ರಿಂದ 14 ಬೇಡುವ ಶಿಮಾನೊ ಹಾಲೋಟೆಕ್ ಕ್ರ್ಯಾಂಕಿನ (ಪೆಡಲ್ ತೋಳಿನ) ಬೋಲ್ಟ್‌ಗಳು ಎಲ್ಲವೂ ಇದರ ವ್ಯಾಪ್ತಿಯಲ್ಲಿವೆ. ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛವಾದ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗಿಗೆ 40 ಬೇಕು. ಅದಕ್ಕೆ 25 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ ಸುಮಾರು 16 ಕಿಲೋ ತೂಕದಷ್ಟು ಎಳೆದರಾಯಿತು, ಅಲ್ಲಿ ಕೈ ಅಂದಾಜು ನನಗೆ ಸಾಕು.

ಅಗ್ಗದ ವಸ್ತುವಾದ್ದರಿಂದ ಇದನ್ನು ಪರೀಕ್ಷಿಸದೆ ನಂಬಲು ಮನಸ್ಸು ಒಪ್ಪಲಿಲ್ಲ. ಇಂದು ಬೆಳಿಗ್ಗೆ ಅಲೆನ್ ಬಿಟ್ಟನ್ನು ವೈಸ್‌ನಲ್ಲಿ ಅಡ್ಡಲಾಗಿ ಕಚ್ಚಿಸಿ, ವ್ರೆಂಚನ್ನು ನೆಲಕ್ಕೆ ಸಮಾನಾಂತರವಾಗಿ ಕೂರಿಸಿ, ಬಿಟ್ಟಿನ ಮಧ್ಯದಿಂದ 25 ಸೆಂಟಿಮೀಟರ್ ದೂರದಲ್ಲಿ, ಹಿಡಿಕೆಯ ನಡುವೆ, ಎರಡು ಲೀಟರ್ ನೀರಿನ ಬಾಟಲಿಯನ್ನು ತೂಗುಹಾಕಿದೆ. ನೀರಿನ ತೂಕದಿಂದ 4.9 ನ್ಯೂಟನ್ ಮೀಟರ್ ಬರುತ್ತದೆ. ಅರ್ಧ ಕಿಲೋ ತೂಗುವ ವ್ರೆಂಚ್ ತಾನೇ ಇನ್ನೊಂದು 0.6ರಷ್ಟು ಸೇರಿಸುತ್ತದೆ, ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಒಟ್ಟು ಐದೂವರೆ. ಐದಕ್ಕೆ ಇಟ್ಟಾಗ ವ್ರೆಂಚ್ ಕ್ಲಿಕ್ ಎಂದಿತು, ಆರಕ್ಕೆ ಇಟ್ಟಾಗ ಸದ್ದಿಲ್ಲದೆ ಬಾಟಲಿಯನ್ನು ಹೊತ್ತು ನಿಂತಿತು. ನನ್ನ ಕೆಲಸಕ್ಕೆ ಇಷ್ಟು ನಿಖರತೆ ಧಾರಾಳವಾಯಿತು.

ಆಮೇಲೆ ಹೊಸ ಸ್ಟೆಮ್ಮಿನ ನಾಲ್ಕು ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಐದಕ್ಕೆ ತಂದೆ. ಕ್ಲಿಕ್ ಕೇಳಿದಾಗ ಬೆರಗಾಯಿತು: ನನ್ನ ಕೈ ಇನ್ನೂ ಬಿಗಿಯಲು ಶುರುಮಾಡಿದೆ ಎಂದುಕೊಳ್ಳುವಷ್ಟರಲ್ಲೇ ಬಿಗಿತ ಸಾಕಾಗಿತ್ತು. ಸ್ಪ್ರಿಂಗ್ ದಣಿಯದಿರಲೆಂದು ಅಳತೆಯನ್ನು ಎರಡಕ್ಕೆ ಇಳಿಸಿ, ವ್ರೆಂಚನ್ನು ಡಬ್ಬಿಯಲ್ಲಿಟ್ಟೆ.