ಎರಡನೇ ಗುಂಡು

ಇಂದು ಸಂಜೆ ಸಾಧನಕೇರಿಯಲ್ಲಿ ಮಾಜಿ ಸೈನಿಕರಾದ ನಮ್ಮ ಕಾಕಾ ಗಿರಮಿಟ್ ಪೊಟ್ಟಣ ಬದಿಗಿಟ್ಟು ನನ್ನ ಕೈ ಹಿಡಿದರು. ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದಿಯನ್ನು ಒತ್ತಿ, "ಪಿಸ್ತೂಲಿನ ಒದೆತ ಮೊದಲು ಬೀಳುವುದು ಇಲ್ಲಿ, ತಮ್ಮಾ" ಎಂದರು.

ದೊಡ್ಡ ಗುಂಡೇ ಮೇಲಲ್ಲವೇ ಎಂದು ನಾನು ಕೇಳಿದ್ದೆ.

.45, ಅಂದರೆ ಸುಮಾರು 0.45 ಇಂಚು ದಪ್ಪದ ಗುಂಡಿನ ತೂಕ ಸುಮಾರು 15 ಗ್ರಾಂ. 9 ಮಿ.ಮೀ. ಗುಂಡು ಅದರ ಅರ್ಧದಷ್ಟು. ವೇಗ ಹೆಚ್ಚು, ಒದೆತ ಕಡಿಮೆ. ನಳಿಗೆ ಅಷ್ಟಾಗಿ ಮೇಲೇಳುವುದಿಲ್ಲ, ಎರಡನೇ ಗುಂಡಿಗೆ ಬೇಗ ಗುರಿ ಸಿಗುತ್ತದೆ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ ನಮ್ಮ ಸೇನೆಯ ಪಿಸ್ತೂಲೂ 9 ಮಿ.ಮೀ., ಮ್ಯಾಗಜೀನಿನಲ್ಲಿ 13 ಗುಂಡು. 1911ರಿಂದ .45 ಹಿಡಿದಿದ್ದ ಅಮೆರಿಕದ ಸೇನೆಯೂ 1985ರಲ್ಲಿ 9 ಮಿ.ಮೀ.ಗೆ ಬಂದಿತು, ನ್ಯಾಟೋ ದೇಶಗಳೊಂದಿಗಿನ ಹೊಂದಾಣಿಕೆಯೂ ಅದಕ್ಕೆ ಕಾರಣ.

ಆಯುಧ ಆರಿಸುವವರು ಪಡೆಯ ಅತಿ ಸಣ್ಣ ಕೈಯನ್ನು ಮೊದಲು ನೆನೆಯಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಕಾಕಾ ಅವರದು ಕುಂಟೆ ಹಿಡಿದು ಬೆಳೆದ ಕೈ. ಎಲ್ಲ ಹುಡುಗರದೂ ಹಾಗಿರುತ್ತದೆಯೇ?

ಒದೆತಕ್ಕೆ ಅಂಜಿದವನು ಟ್ರಿಗರ್ ಎಳೆಯುವ ಮೊದಲೇ ಮಣಿಕಟ್ಟು ತಗ್ಗಿಸುತ್ತಾನೆ, ಗುಂಡು ಗುರಿಯ ಕೆಳಗೆ ಹೋಗುತ್ತದೆ. ಅದನ್ನು ಬಿಡಿಸಲು ಸೇನೆಯಲ್ಲಿ ತರಬೇತಿ ಕೊಡುವ ಉಸ್ತಾದರು ಹೇಳದೆಯೇ ನಡುವೆ ಒಂದು ಹುಸಿ ಗುಂಡು ತುಂಬಿಸಿ ಕೊಡುತ್ತಿದ್ದರಂತೆ. ಸಿಡಿಯದ ಪಿಸ್ತೂಲು ಕೈಯಲ್ಲಿ ಬಾಗಿದರೆ ಅಂಜಿಕೆ ಅಲ್ಲೇ ಬಯಲು.