ಕಾಫಿ ಕುಯ್ಲಿನ ಟೈಮಲ್ಲಿ ಹಾಡಿಯಲ್ಲೊಂದು ರಕ್ತ ಪರೀಕ್ಷೆ

ಕಾಫಿ ಕುಯ್ಲಿನ ಟೈಮಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹಾಡಿಗೆ, ಅಂದರೆ ಕಾಡಂಚಿನ ಬುಡಕಟ್ಟು ಜನರ ಕೇರಿಗೆ, ಹೋದರೆ ಯಾರು ಸಿಗ್ತಾರೆ ಹೇಳಿ? ವಯಸ್ಸಾದವರು, ಕೈಕೂಸುಗಳು, ನಾಯಿಗಳು. ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿಗೆ ರಕ್ತ ಪರೀಕ್ಷೆ ಕ್ಯಾಂಪಿಗೆ ಅಂತ ನಾವು ಹೋದಾಗಲೂ ಅದೇ ಆಯಿತು. ಜೀಪಿನಿಂದ ಟೇಬಲ್, ಐಸ್ ಬಾಕ್ಸ್, ಟ್ಯೂಬ್ ಸ್ಟ್ಯಾಂಡ್ ಎಲ್ಲ ಇಳಿಸಿ ಅಂಗನವಾಡಿ ಜಗಲಿಯಲ್ಲಿ ಜೋಡಿಸಿದೆವು. ಬ್ಯಾನರ್ ಕಟ್ಟಿದೆವು. ಜನ ಮಾತ್ರ ಇಲ್ಲ. ಬೆಳಿಗ್ಗೆನೇ ಪಿಕಪ್ ಬಂದು ಕೆಲಸಕ್ಕೆ ಹೋಗುವವರನ್ನೆಲ್ಲ ತೋಟಕ್ಕೆ ಕರ್ಕೊಂಡು ಹೋಗಿತ್ತು.

"ಸಂಜೆ ಇಡಿ ಅಂತ ನಾನು ಮೊದ್ಲೇ ಹೇಳಿದ್ದೆ. ಯಾರು ಕೇಳ್ತಾರೆ?" ಅಂದರು ಆಶಾ ಕಾರ್ಯಕರ್ತೆ. ಅವರು ಅದೇ ಹಾಡಿಯವರು. ನಾವೆಲ್ಲ ಆಶಾ ಅಕ್ಕ ಅಂತಲೇ ಕರೆಯುತ್ತಿದ್ದೆವು. ಕ್ಯಾಂಪಿನ ಟೈಮ್ ಬರೆದವರು ಯಾವತ್ತೂ ಕಾಫಿ ಕುಯ್ದವರಲ್ಲ, ಅದಂತೂ ಗ್ಯಾರಂಟಿ.

ನಾನು ಮೈಸೂರಿನಲ್ಲಿ ಬಯೋಮೆಡಿಕಲ್ ಸೈನ್ಸ್ ಡಿಗ್ರಿ ಓದುತ್ತಿದ್ದೇನೆ, ಕೊನೆಯ ವರ್ಷ. ಮನೆ ಗೋಣಿಕೊಪ್ಪದ ಹತ್ತಿರ. ಊರಿಗೆ ಬಂದಾಗಲೆಲ್ಲ "ಡಾಕ್ಟ್ರಾಗ್ತೀಯಾ?" ಅಂತ ಕೇಳ್ತಾರೆ. ಇಲ್ಲ ಅಂದರೆ, "ಹಾಗಾದ್ರೆ ಸ್ಕ್ಯಾನಿಂಗ್ ಮೆಷಿನ್ ರಿಪೇರಿನಾ?" ಅದು ಬಯೋಮೆಡಿಕಲ್ ಇಂಜಿನಿಯರಿಂಗ್, ಬೇರೆ. ದೇಹ ಹೇಗೆ ಕೆಲಸ ಮಾಡುತ್ತೆ, ಕಾಯಿಲೆ ಬಂದಾಗ ಒಳಗೆ ಏನು ಕೆಡುತ್ತೆ, ಅದನ್ನ ಲ್ಯಾಬಲ್ಲಿ ಹೇಗೆ ಪತ್ತೆ ಮಾಡೋದು, ಇದು ನಮ್ಮ ಓದು. ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್, ಹೆಮಟಾಲಜಿ. ಕಾಯಿಲೆಯವರ ಮುಖ ನೋಡೋದು ಕಡಿಮೆ, ರಕ್ತ ನೋಡೋದು ಜಾಸ್ತಿ. ನೀಟ್‌ನಲ್ಲಿ ಸೀಟು ಸಿಗದೆ ಬಂದವರು ಕ್ಲಾಸಲ್ಲಿ ಬೇಕಾದಷ್ಟು ಜನ. ಮೊದಲ ವರ್ಷ ಮುಖ ಊದಿಸಿಕೊಂಡು ಕೂತಿದ್ದವರೇ ಈಗ ಮೈಕ್ರೋಸ್ಕೋಪ್ ಬಿಟ್ಟು ಏಳೋದಿಲ್ಲ.

ಅವತ್ತಿನ ಕ್ಯಾಂಪ್ ಸಿಕಲ್ ಸೆಲ್ ಅನೀಮಿಯಾದ್ದು, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. 2047ರೊಳಗೆ ಈ ಕಾಯಿಲೆಯನ್ನ ಇಲ್ಲವಾಗಿಸಬೇಕು ಅಂತ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಒಂದು ಮಿಷನ್ ಶುರು ಮಾಡಿತು. ಬುಡಕಟ್ಟು ಜನ ಇರುವ ಪ್ರದೇಶಗಳಲ್ಲಿ 40 ವರ್ಷದವರೆಗಿನ ಸುಮಾರು 7 ಕೋಟಿ ಜನರ ರಕ್ತ ನೋಡಬೇಕು ಅನ್ನೋದು ಆಗಿನ ಗುರಿ. ನಮ್ಮ ಕಡೆಯ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಲ್ಲೂ ಈ ಕಾಯಿಲೆ ಇದೆ. ಊರಿನವರು ಅಂತ ನಮ್ಮಂಥ ಕೆಲವು ಸ್ಟೂಡೆಂಟ್‌ಗಳನ್ನ ಲ್ಯಾಬ್ ಟೆಕ್ನಿಷಿಯನ್‌ಗೆ ಸಹಾಯಕ್ಕೆ ಕಳಿಸಿದ್ದರು.

ಪಾಠದಲ್ಲಿ ಇದು ಬಹಳ ಚಂದದ ಕತೆ. ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯಲ್ಲಿ ಕೊಂಡಿಗಳ ಹಾಗೆ 146 ಅಮೈನೋ ಆಮ್ಲಗಳು. ಅದರಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್ ಬಂದು ಕೂತಿರುತ್ತೆ. ಅಷ್ಟೇ ವ್ಯತ್ಯಾಸ. ಆಕ್ಸಿಜನ್ ಕಡಿಮೆಯಾದ ಕೂಡಲೇ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಕಡ್ಡಿಯಾಗುತ್ತೆ, ದುಂಡಗಿದ್ದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. 120 ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಕ್ಕೇ ಸಾಯುತ್ತೆ. 1949ರಲ್ಲಿ ಲೈನಸ್ ಪೌಲಿಂಗ್ ತಂಡ ಇದನ್ನ ಅಣುವಿನ ಮಟ್ಟದ ಕಾಯಿಲೆ ಅಂತ ತೋರಿಸಿತು. 1957ರಲ್ಲಿ ವರ್ನನ್ ಇಂಗ್ರಾಂ ಆ ಒಂದು ಅಮೈನೋ ಆಮ್ಲವನ್ನ ಹಿಡಿದರು. ಐದು ಮಾರ್ಕಿನ ಪ್ರಶ್ನೆ ಇಲ್ಲಿಗೆ ಮುಗಿಯುತ್ತೆ.

ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಈ ಕಾಯಿಲೆಯ ಜೀನ್ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಬದಲಿಗೆ ಮಲೇರಿಯಾ ಜೋರಾಗದ ಹಾಗೆ ಅದು ಕಾಪಾಡುತ್ತೆ. ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನ ನೋಡಿ 1954ರಲ್ಲಿ ಬರೆದರು. ಅದನ್ನ ಓದುವಾಗ ನನಗೆ ನಮ್ಮ ಅಜ್ಜಿಯ ಚಳಿಜ್ವರದ ಕತೆಗಳೇ ನೆನಪಾಗಿದ್ದು. ಸೊಳ್ಳೆಗೆ ಡಿಡಿಟಿ ಹೊಡೆಯೋಕೆ ಬರುವ ಮೊದಲು ನಮ್ಮ ಕಾಡಂಚಿನಲ್ಲಿ ಬಾಳೋದು ಸುಲಭ ಇರಲಿಲ್ಲ. ಎಷ್ಟೋ ತಲೆಮಾರು ಆ ಕಾಡಿನೊಳಗೇ ಬದುಕಿದವರ ರಕ್ತದಲ್ಲಿ ಈ ಜೀನ್ ಉಳಿದಿದ್ದರೆ ಅದು ಸುಮ್ನೆ ಅಲ್ಲ.

ಇನ್ನು ಬೆಳಗಿನ ಫಜೀತಿ. ಅಲ್ಲಿದ್ದ ಹಿರಿಯರು 40 ದಾಟಿದವರು, ಪಟ್ಟಿಗೆ ಬೇಡ. ಕೂಸುಗಳೋ, ಆರು ತಿಂಗಳೊಳಗಿನವು. ಆ ವಯಸ್ಸಲ್ಲಿ ಹುಟ್ಟುವಾಗಿನ ಹಿಮೋಗ್ಲೋಬಿನ್ನೇ ಜಾಸ್ತಿ ಇರುತ್ತೆ, ನಮ್ಮ ಟೆಸ್ಟಿಗೆ ಸಿಕಲ್ ಕಾಣೋದಿಲ್ಲ. ಅಂದರೆ ಯಾರಿಗೆ ಪರೀಕ್ಷೆ ಮಾಡಬಾರದೋ ಅವರಷ್ಟೇ ನಮ್ಮ ಮುಂದೆ! ಟೆಕ್ನಿಷಿಯನ್ ಅಣ್ಣ ಐಸ್ ಬಾಕ್ಸ್ ಮುಚ್ಚಿಟ್ಟು, "ಸಂಜೆವರೆಗೆ ಕಾಯೋಣ" ಅಂದರು. ಜೀಪಿನ ಡ್ರೈವರ್‌ಗೆ ಅದು ಇಷ್ಟವಿರಲಿಲ್ಲ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಆನೆ ನಿಂತಿರುತ್ತೆ.

ಪಿಕಪ್ ವಾಪಸ್ ಬಂದಾಗ ನಾಲ್ಕೂವರೆ. ಬೆನ್ನು ನೋವು, ಹಸಿವು, ಮೈಯೆಲ್ಲ ಕಾಫಿ ಗಿಡದ ಇರುವೆ. ಆದರೂ ಆಶಾ ಅಕ್ಕನ ಮಾತಿಗೆ ಸಾಲು ನಿಂತರು. ಆಮೇಲೆ ತಲೆ ಎತ್ತಲು ಪುರುಸೊತ್ತಿಲ್ಲ. ಒಂದೊಂದು ಟ್ಯೂಬಲ್ಲಿ ಎರಡು ಎಂಎಲ್ ದ್ರಾವಣ. ಅದರಲ್ಲಿರುವ ರಾಸಾಯನಿಕ ಡೈಥಯೋನೈಟ್‌ನಿಂದ ಗಂಧಕದ ವಾಸನೆ. ಬೆರಳು ಚುಚ್ಚಿ 20 ಮೈಕ್ರೋಲೀಟರ್ ರಕ್ತ ಹಾಕಿ ಅಲುಗಾಡಿಸಿ, ಐದು ನಿಮಿಷ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಕಾರ್ಡಿನ ಮುಂದೆ ಹಿಡಿಯಬೇಕು. ಗೆರೆ ಸ್ಪಷ್ಟವಾಗಿ ಕಂಡರೆ ನೆಗೆಟಿವ್. ಸಿಕಲ್ ಹಿಮೋಗ್ಲೋಬಿನ್ ಇದ್ದರೆ ಅದು ಕರಗದೆ ದ್ರಾವಣ ಕದಡುತ್ತೆ, ಗೆರೆ ಕಾಣೋದೇ ಇಲ್ಲ. ಬೆಳಕು ಇಳಿಯುತ್ತಾ ಬಂದ ಹಾಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಗೊತ್ತಿರುವ ಪಾಸಿಟಿವ್, ನೆಗೆಟಿವ್ ರಕ್ತದ ಎರಡು ಟ್ಯೂಬ್ ಪಕ್ಕದಲ್ಲೇ ಇದ್ದಿದ್ದು ಅನುಕೂಲವಾಯಿತು.

ಒಬ್ಬ ಹೆಂಗಸು ಮಗನನ್ನ ಕರ್ಕೊಂಡು ಬಂದಿದ್ದಳು. ಆಶ್ರಮ ಶಾಲೆಯ ಹುಡುಗ, ಜ್ವರ ಅಂತ ಮನೆಗೆ ಬಂದಿದ್ದ. ಇಬ್ಬರ ಟ್ಯೂಬಲ್ಲೂ ಗೆರೆ ಕಾಣಲಿಲ್ಲ.

"ಪಾಸಿಟಿವ್ ಬಂದಿದೆ ಅಮ್ಮ, ಇನ್ನೊಂದು ಟೆಸ್ಟ್ ಆಗ್ಬೇಕು," ಅಂದರು ಅಣ್ಣ.

ಹಿಂದೆ ನಿಂತವರು ಥಟ್ಟನೆ ಎರಡು ಹೆಜ್ಜೆ ಸರಿದರು. "ಕೊರೊನಾ ತರ ಬೇರೆ ಇರ್ಬೇಕಾ ಸಿಸ್ಟ್ರೇ?" ಅಂತ ಅವಳು ನನ್ನನ್ನ ಕೇಳಿದಳು.

ಈ ಟೆಸ್ಟಿನ ಕೊರತೆ ಇದೇ. ಜೀನ್ ಒಂದು ಕಡೆಯಿಂದ ಬಂದಿರಲಿ, ಎರಡೂ ಕಡೆಯಿಂದ ಬಂದಿರಲಿ, ದ್ರಾವಣ ಕದಡುತ್ತೆ. ಒಬ್ಬರು ಬರೀ ವಾಹಕ, ಆರಾಮಾಗಿ ಇರ್ತಾರೆ. ಇನ್ನೊಬ್ಬರಿಗೆ ಜೀವಮಾನದ ಕಾಯಿಲೆ. ಯಾವುದು ಅಂತ ತಿಳಿಯಲು ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ತೆಗೆದು, ಹಿಮೋಗ್ಲೋಬಿನ್ ಬಗೆಗಳನ್ನ ಬೇರ್ಪಡಿಸಿ ನೋಡುವ ಟೆಸ್ಟಾದ ಎಚ್‌ಪಿಎಲ್‌ಸಿಗೆ ಕಳಿಸಬೇಕು. ನಾನು ಹೀಗೆಲ್ಲ ಹೇಳಿದೆ. ವಾಹಕ, ಜೀನ್ ಅಂತೆಲ್ಲ. ಅವಳು ತಲೆ ಆಡಿಸಿದಳು, ಕಣ್ಣಲ್ಲಿ ಭಯ ಹಾಗೇ ಇತ್ತು.

ಆಶಾ ಅಕ್ಕ ಅವಳ ಕುಯ್ಲಿನ ಚೀಲಕ್ಕೆ ಕೈ ಹಾಕಿ ತಳದಲ್ಲಿ ಉಳಿದಿದ್ದ ಒಂದು ಕಾಫಿ ಹಣ್ಣು ತೆಗೆದರು. ಬೆರಳ ನಡುವೆ ಹಿಚುಕಿದರು. ಲೋಳೆ ಲೋಳೆಯಾದ ಎರಡು ಬೀಜ ಅಂಗೈಗೆ ಜಾರಿದವು. ಹೇಳಿದ್ದು ಅವರ ಭಾಷೆಯಲ್ಲಿ, ನನಗೆ ತಿಳಿದಷ್ಟು ಇಷ್ಟು: "ಒಂದು ಬೀಜ ಅಪ್ಪಂದು, ಒಂದು ಅಮ್ಮಂದು. ಒಂದು ಜೊಳ್ಳು, ಒಂದು ಗಟ್ಟಿ ಇದ್ರೆ ನಿಂಗೇನೂ ಆಗಲ್ಲ. ಎರಡೂ ಜೊಳ್ಳಾದ್ರೆ ಕಾಯಿಲೆ. ಅಂಟೋದಂತೂ ಇಲ್ಲ." ಸಾಲಿನಲ್ಲಿದ್ದವರು ಮತ್ತೆ ಹತ್ತಿರ ಬಂದರು. ಒಬ್ಬ ಹುಡುಗ, "ಒಂಟಿ ಬೀಜದ ಹಣ್ಣೂ ಇರುತ್ತಲ್ಲ ಅತ್ತೆ, ಪೀಬೆರಿ?" ಅಂದ. "ನೀನು ಸುಮ್ನಿರು" ಅಂತ ಬೈಸಿಕೊಂಡ. ಪ್ರಶ್ನೆ ಚೆನ್ನಾಗಿಯೇ ಇತ್ತು.

ರಕ್ತ ತೆಗೆಯುವಾಗ ಆ ತಾಯಿ ಹೇಳಿದಳು, ಮಳೆ ಹಿಡಿದರೆ ಮಗನಿಗೆ ಕೈಕಾಲು ಮೂಳೆಯೆಲ್ಲ ನೋವು, ರಾತ್ರಿಯೆಲ್ಲ ಅಳ್ತಾನೆ ಅಂತ. ಸಿಕಲ್ ಸೆಲ್ ಇದ್ದವರಿಗೆ ಚಳಿ ಒಗ್ಗೋದಿಲ್ಲ, ನೀರು ಕುಡಿಯದೆ ಇದ್ದರೂ ತೊಂದರೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಆ ನೋವು ತಡೆಯೋಕಾಗೋದಿಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಒದ್ದೆ, ಥಂಡಿ ಇರೋ ಊರು ನಮ್ಮದು. ತೋಟದ ಮನೆಗಳಲ್ಲಿ ಕೇಳಿ ನೋಡಿ, ಮಳೆಗಾಲದಲ್ಲಿ ಹಾಡಿಯವರು ಮೈಕೈ ನೋವು ಅಂತ ಕೆಲಸಕ್ಕೆ ಬರದಿದ್ದರೆ ಏನಂತಾರೆ? "ಕುಡ್ದು ಮಲಗಿರ್ತಾನೆ." ಎಷ್ಟು ಜನರ ನೋವು ಹೀಗೆ ಕುಡಿತದ ಲೆಕ್ಕಕ್ಕೆ ಹೋಗಿರಬಹುದು! ಮೂರು ವರ್ಷದ ಓದಿನಲ್ಲಿ ಇದನ್ನ ನನಗೆ ಯಾರೂ ಹೇಳಿರಲಿಲ್ಲ. ರಿಪೋರ್ಟ್ ಓದೋದಕ್ಕೆ ಮಾರ್ಕ್ಸ್ ಇದೆ, ಅದನ್ನ ಜನಕ್ಕೆ ತಿಳಿಸಿ ಹೇಳೋದಕ್ಕೆ ಇಲ್ಲ. ಒಂದು ಪ್ರಾಕ್ಟಿಕಲ್ಲಾದರೂ ಇಡಬೇಕು.

ದೊಡ್ಡ ಲ್ಯಾಬಿಗೆ ಹೋದ ಸ್ಯಾಂಪಲ್ಲಿನ ರಿಪೋರ್ಟ್ ಬರುವಷ್ಟರಲ್ಲಿ ವಾರಗಳು ಕಳೆದವು. ಅಷ್ಟರಲ್ಲಿ ಆ ಮನೆಯವರು ಸಿದ್ದಾಪುರ ಕಡೆಯ ಎಸ್ಟೇಟಿನ ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲುಮನೆಗೆ, ಹೋಗಿದ್ದರು. ರಿಜಿಸ್ಟರಿನಲ್ಲಿದ್ದ ವಿಳಾಸ ಹಾಡಿಯದು, ಫೋನ್ ನಂಬರ್ ಸ್ವಿಚ್ ಆಫ್. ಆಶಾ ಅಕ್ಕ ಪಿಕಪ್ ಡ್ರೈವರ್‌ಗೆ ಹೇಳಿ, ಅವನು ಇನ್ನೊಬ್ಬ ಡ್ರೈವರ್‌ಗೆ ಹೇಳಿ, ಕೊನೆಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಫೋನಿಗೆ ಕರೆ ಹೋಯಿತು. ತಾಯಿ ವಾಹಕ. ಮಗನಿಗೆ ಕಾಯಿಲೆ ಇದೆ.

ಹುಡುಗನಿಗೆ ಫೋಲಿಕ್ ಆಸಿಡ್ ಜೊತೆ ಹೈಡ್ರಾಕ್ಸಿಯೂರಿಯಾ ಶುರು ಮಾಡಿದ್ದಾರೆ. ಅದು ಆ ಹುಟ್ಟುವಾಗಿನ ಹಿಮೋಗ್ಲೋಬಿನ್ನನ್ನ ಮತ್ತೆ ಹೆಚ್ಚಿಸುತ್ತೆ, ಕಣಗಳು ಬಾಗೋದು ಕಡಿಮೆಯಾಗುತ್ತೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡೇ ಈ ಮಾತ್ರೆ ತಗೋಬೇಕು. ಒಬ್ಬ ಕೂಲಿಯವಳಿಗೆ ಅದೆಷ್ಟು ಕಷ್ಟ ಅಂತ ಬೇರೆ ಹೇಳಬೇಕಿಲ್ಲ.

ಗಂಡನ ಕಡೆಯವರು, "ಇದೆಲ್ಲ ಅವಳ ಕಡೆಯಿಂದ ಬಂದಿದ್ದು" ಅಂತ ಶುರು ಮಾಡಿದ್ದರಂತೆ. ಆಶಾ ಅಕ್ಕ ಲೈನ್ ಮನೆಗೇ ಹೋಗಿ ಮತ್ತೆ ಕಾಫಿ ಹಣ್ಣು ಹಿಚುಕಿ, "ಒಂದು ಜೊಳ್ಳು ಅವಳದ್ದು ಸರಿ, ಇನ್ನೊಂದು ಯಾರ್ದಪ್ಪಾ?" ಅಂತ ಕೇಳಿದರಂತೆ. ಸಂತೆ ದಿನ ಗಂಡನೂ ಬಂದು ರಕ್ತ ಕೊಟ್ಟು ಹೋಗಿದ್ದಾನೆ. ಆ ರಿಪೋರ್ಟ್ ಇನ್ನೂ ಬಂದಿಲ್ಲ. ಈ ಸಲ ರಿಜಿಸ್ಟರಿನಲ್ಲಿ ಪಿಕಪ್ ಡ್ರೈವರ್ ನಂಬರನ್ನೂ ಬರೆಸಿದ್ದೇವೆ.