ಡಬಲ್ ಕ್ಲಿಕ್ ಮಾಡಿದರೆ ಯಾವ ಆಟೋಕ್ಯಾಡ್ ತೆರೆಯಬೇಕು?

ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ತಯಾರಿಸುವ ಕಂಪ್ಯೂಟರಿನಲ್ಲಿ ಕೆಲವು ಕಾಲ ಆ ಕೆಲಸದ ತಂತ್ರಾಂಶವಾದ ಆಟೋಕ್ಯಾಡ್‌ನ ಎರಡು ಆವೃತ್ತಿಗಳು ಒಟ್ಟಿಗೆ ಇದ್ದವು. 2012ರ ಆವೃತ್ತಿಯನ್ನು ಒಮ್ಮೆಗೇ ಹಣ ಕೊಟ್ಟು ಕೊಂಡಿದ್ದೆವು. 2016ರ ನಂತರ ಹಾಗೆ ಕೊಳ್ಳುವ ಅವಕಾಶ ನಿಂತುಹೋದ ಕಾರಣ 2018ರ ಆವೃತ್ತಿಗೆ ಚಂದಾ ಕಟ್ಟಿದೆವು. ಹಳೆಯದನ್ನು ತೆಗೆಯದೆ ಇಟ್ಟುಕೊಂಡಿದ್ದಕ್ಕೆ ಜಿಪುಣತನ ಕಾರಣವಲ್ಲ. ಕಾಲಂ, ಬೀಮುಗಳ ಕಬ್ಬಿಣದ ಲೆಕ್ಕ ತೆಗೆದುಕೊಡುವ ಪೂರಕ ತಂತ್ರಾಂಶವೊಂದು 2010ರಿಂದ 2012ರವರೆಗಿನ ಆವೃತ್ತಿಗಳಿಗೆ ಮಾತ್ರ ಹೊಂದುತ್ತಿತ್ತು. ತೀರ್ಥಹಳ್ಳಿಯ ಸೈಟಿನಲ್ಲಿದ್ದ ಎಂಜಿನಿಯರರ ಲ್ಯಾಪ್‌ಟಾಪಿನಲ್ಲಿಯೂ 2012 ಒಂದೇ ಇತ್ತು.

ಒಂದು ಬೆಳಿಗ್ಗೆ ಅವರು ಫೋನ್ ಮಾಡಿದರು. "ಸರ್, ನಿನ್ನೆ ಕಳಿಸಿದ ಫುಟಿಂಗ್ ಡ್ರಾಯಿಂಗ್ ಓಪನ್ ಆಗ್ತಾ ಇಲ್ಲ. ಕಂಬಿ ಕಟ್ಟೋರು ಆಗಲೇ ಬಂದು ಕೂತಿದ್ದಾರೆ." ಅಡಿಪಾಯದ ಆ ನಕ್ಷೆ 2012ರ ಆವೃತ್ತಿಯಲ್ಲಿಯೇ ಬರೆದದ್ದು. ಹಿಂದಿನ ಸಂಜೆ ನಮ್ಮ ಡ್ರಾಫ್ಟ್ಸ್‌ಮನ್ ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಒಂದು ಅಳತೆಯನ್ನು ತಿದ್ದಿ, ಸೇವ್ ಮಾಡಿ ಕಳಿಸಿದ್ದರು, ಅಷ್ಟೆ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಆಟೋಕ್ಯಾಡ್ ತನ್ನ ನಕ್ಷೆಗಳನ್ನು ಉಳಿಸುವ ಡಿಡಬ್ಲ್ಯುಜಿ ಫೈಲಿನ ಮೊದಲ ಆರು ಅಕ್ಷರಗಳೇ ಅದರ ಜಾತಕ: 2010ರಿಂದ 2012ರವರೆಗಿನ ಸ್ವರೂಪವಾದರೆ ಎಸಿ1024, 2018ರ ಸ್ವರೂಪವಾದರೆ ಎಸಿ1032. ಇಲ್ಲಿ ಎಸಿ1032 ಎಂದಿತ್ತು. ಹಳೆಯ ಸ್ವರೂಪಕ್ಕೆ ಇಳಿಸಿ ಮತ್ತೆ ಕಳಿಸಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಆಗಿದ್ದೇನು ಎಂಬುದು ಆಮೇಲೆ ತಿಳಿಯಿತು. ಡಿಡಬ್ಲ್ಯುಜಿ ಫೈಲುಗಳಿಗೆ ವಿಂಡೋಸ್‌ನಲ್ಲಿ ಜೋಡಣೆಯಾಗಿರುವುದು ನೇರವಾಗಿ ಆಟೋಕ್ಯಾಡ್ ಅಲ್ಲ, ಡಿಡಬ್ಲ್ಯುಜಿ ಲಾಂಚರ್ ಎಂಬ ಚಿಕ್ಕ ಪ್ರೋಗ್ರಾಮ್. ಕೊನೆಯ ಸಲ ಯಾವ ಆವೃತ್ತಿಯನ್ನು ಬಳಸಿದ್ದೆವೋ ಅದಕ್ಕೇ ಅದು ಫೈಲನ್ನು ಒಪ್ಪಿಸುತ್ತದೆ. ಒಂದೇ ಆವೃತ್ತಿ ಇರುವವರಿಗೆ ಇದರಿಂದ ತೊಂದರೆಯಿಲ್ಲ. ನಮ್ಮಲ್ಲಿ ಮಾತ್ರ ಬೆಳಿಗ್ಗೆ 2012ರಲ್ಲಿ ತೆರೆದ ನಕ್ಷೆ ಸಂಜೆ 2018ರಲ್ಲಿ ತೆರೆದುಕೊಳ್ಳುತ್ತಿತ್ತು.

"ಓಪನ್ ವಿತ್" ಮೂಲಕ 2012ನ್ನು ಆರಿಸಿದರೆ ಮುಗಿಯಿತು ಎಂದುಕೊಂಡರೆ, ಆ ಪಟ್ಟಿಯಲ್ಲಿ ಆಟೋಕ್ಯಾಡ್ ಎಂದು ಇದ್ದದ್ದು ಒಂದೇ ಹೆಸರು. ವಿಂಡೋಸ್ ಇಲ್ಲಿ ಪ್ರೋಗ್ರಾಮುಗಳನ್ನು ಗುರುತಿಸುವುದು ಅವುಗಳನ್ನು ಶುರುಮಾಡುವ ಇಎಕ್ಸ್‌ಇ ಫೈಲಿನ ಹೆಸರಿನಿಂದ, ಎರಡೂ ಆವೃತ್ತಿಗಳಲ್ಲಿ ಆ ಹೆಸರು ಅಕ್ಯಾಡ್ ಎಂದೇ ಇದೆ. ಬ್ರೌಸ್ ಮಾಡಿ 2012ರ ಫೋಲ್ಡರಿಗೇ ಹೋಗಿ ತೋರಿಸಿದರೂ ಮೊದಲೇ ದಾಖಲಾಗಿದ್ದ 2018ರ ದಾರಿಯನ್ನು ಅದು ಬಿಡಲಿಲ್ಲ. ಕೊನೆಗೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ಬ್ಯಾಕಪ್ ತೆಗೆದಿಟ್ಟುಕೊಂಡು, "ಅಪ್ಲಿಕೇಶನ್ಸ್" ಎಂಬ ವಿಭಾಗದಲ್ಲಿ ಅಕ್ಯಾಡ್ ಹೆಸರಿನ ಕೆಳಗಿದ್ದ ಓಪನ್ ಕಮ್ಯಾಂಡಿನಲ್ಲಿ ಫೋಲ್ಡರಿನ ದಾರಿಯನ್ನು 2012ರದ್ದಕ್ಕೆ ಬದಲಿಸಬೇಕಾಯಿತು.

ಆದರೆ ಡಬಲ್ ಕ್ಲಿಕ್ ಮಾಡಿದಾಗ ತೆರೆಯುವಂತೆ ಹಳೆಯದನ್ನೇ ಡೀಫಾಲ್ಟ್ ಮಾಡುವುದು ನಮ್ಮ ಡ್ರಾಫ್ಟ್ಸ್‌ಮನ್‌ಗೆ ಸರಿಕಾಣಲಿಲ್ಲ. "ಹೊಸದು ಎಲ್ಲ ಫೈಲನ್ನೂ ಓಪನ್ ಮಾಡುತ್ತೆ, ಹಳೇದು ಮಾಡಲ್ಲವಲ್ಲ ಸರ್" ಎಂದರು. ನಾನು ಹಳೆಯದನ್ನು ಆರಿಸಿದ್ದು ಅದೇ ಕಾರಣಕ್ಕೆ. 2018ರ ಫೈಲು 2012ರ ಕೈಗೆ ಸಿಕ್ಕರೆ ಅದು ತೆರೆಯುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ, ಫೈಲಿಗೆ ಏನೂ ಆಗುವುದಿಲ್ಲ. ಹಳೆಯ ಫೈಲು 2018ರ ಕೈಗೆ ಸಿಕ್ಕರೆ ಅದು ತಕರಾರಿಲ್ಲದೆ ತೆರೆದು, ಸೇವ್ ಒತ್ತಿದಾಗ ಸ್ವರೂಪವನ್ನು ಸದ್ದಿಲ್ಲದೆ ಬದಲಿಸುತ್ತದೆ; ಅದು ನಮಗೆ ತಿಳಿಯುವುದು ಬೇರೆ ಊರಿನಿಂದ ಫೋನ್ ಬಂದಾಗ.

ಇದರ ಜೊತೆಗೆ 2018ರ ಆಪ್ಷನ್ಸ್‌ನ "ಓಪನ್ ಆಂಡ್ ಸೇವ್" ಪುಟದಲ್ಲಿ ಸೇವ್ ಆಗಬೇಕಾದ ಸ್ವರೂಪವನ್ನು 2010 ಎಂದು ಇಟ್ಟೆ. ನಿಜ ಹೇಳಬೇಕೆಂದರೆ ಇದೊಂದೇ ಸಾಕಾಗುತ್ತಿತ್ತೇನೋ. ಆದರೆ ತಂತ್ರಾಂಶದ ಸೆಟ್ಟಿಂಗ್‌ಗಳನ್ನು ರೀಸೆಟ್ ಮಾಡಿದರೆ ಇದೂ ಹಿಂದಿನಂತಾಗುತ್ತದೆ. ಬೇಕೆಂದಾಗ ಹೊಸದರಲ್ಲಿ ತೆರೆಯಲು ವಿಂಡೋಸ್‌ನ "ಸೆಂಡ್ ಟು" ಫೋಲ್ಡರಿನಲ್ಲಿ ಎರಡೂ ಆವೃತ್ತಿಗಳ ಶಾರ್ಟ್‌ಕಟ್‌ಗಳನ್ನು ಹೆಸರು ಸಮೇತ ಹಾಕಿದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ "ಸೆಂಡ್ ಟು"ಗೆ ಹೋದರೆ "ಆಟೋಕ್ಯಾಡ್ 2012", "ಆಟೋಕ್ಯಾಡ್ 2018" ಎಂದು ಎರಡೂ ಕಾಣುತ್ತಿದ್ದವು. ಡ್ರಾಫ್ಟ್ಸ್‌ಮನ್ ಒಪ್ಪಿದ್ದು ಇದಕ್ಕೆ. ಆಮೇಲೆ ಅವರು ಡಬಲ್ ಕ್ಲಿಕ್ ಮಾಡುವುದನ್ನೇ ಬಹುಮಟ್ಟಿಗೆ ಬಿಟ್ಟರು. ಲಾಂಚರನ್ನು ಬದಿಗಿಟ್ಟಿದ್ದರಿಂದ ಒಂದೊಂದು ಫೈಲಿಗೂ ಆಟೋಕ್ಯಾಡ್ ಮೊದಲಿನಿಂದ ಶುರುವಾಗುವ ಕಿರಿಕಿರಿಯೂ ಇತ್ತೆನ್ನಿ.

ಕಬ್ಬಿಣದ ಲೆಕ್ಕದ ತಂತ್ರಾಂಶಕ್ಕೆ ಬದಲಿ ಸಿಕ್ಕಮೇಲೆ 2012ನ್ನು ತೆಗೆದು, ಫೈಲುಗಳನ್ನು ಲಾಂಚರಿಗೇ ಮರಳಿ ಒಪ್ಪಿಸಿದೆವು. ಸೇವ್ ಆಗುವ ಸ್ವರೂಪವನ್ನು ಮಾತ್ರ, ತೀರ್ಥಹಳ್ಳಿಯ ಲ್ಯಾಪ್‌ಟಾಪ್ ಬದಲಾಗುವವರೆಗೂ, 2010ರಲ್ಲಿಯೇ ಉಳಿಸಿಕೊಂಡಿದ್ದೆವು.